ನೋಡೋಣಪ್ಪ ಟೋ ಬಾರಿಗೆ ಬೀಗ ಹುಡುಕಿದ್ದು

ನೋಡೋಣಪ್ಪನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊಟಕ್ಕೆ ಏಳ್ತೀಯಾ ಎಂದು ಕೇಳಿದರೂ 'ನೋಡೋಣ' ಎನ್ನುವ ಮನುಷ್ಯನನ್ನು ನೆಂಟರು, ನೆರೆಯವರು, ಕಡೆಗೆ ಮನೆಗೆ ಹಾಲು ಹಾಕುವವನು ಕೂಡ ಇನ್ನೇನೆಂದು ಕರೆದಾರು? ಹೆಂಡತಿ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಅವಳು 'ರೀ' ಎನ್ನುತ್ತಿದ್ದಳು. ಆ ಒಂದಕ್ಷರದಲ್ಲೇ ನೋಡೋಣಪ್ಪ ಎನ್ನುವುದೂ ಸೇರಿಕೊಂಡಿರುತ್ತಿತ್ತು.

ಇಂಥ ಮನುಷ್ಯ ತನ್ನ ಅಕ್ಕನಿಗೆ 'ಆಯ್ತು' ಎಂದುಬಿಟ್ಟಿದ್ದ. ಕಥೆಗೆ ಕಾರಣ ಅದೇ.

ಅಕ್ಕ ಯಾರದೋ ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಬ್ರೆಡ್ಡು, ಬನ್ನು ಬೇಯಿಸಿಕೊಂಡು ಬಂದವಳು. ಈಗ ಬಸ್ ನಿಲ್ದಾಣದ ಎದುರಿಗೇ ಅವಳಿಗೊಂದು ಅಂಗಡಿ ಸಿಕ್ಕಿತ್ತು. ಶೆಡ್ಡನ್ನು ಶನಿವಾರ ಮಧ್ಯಾಹ್ನದೊಳಗೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಒಳಗಿದ್ದದ್ದೆಲ್ಲ ಒಳಗೇ ಎಂದು ಶೆಡ್ಡಿನ ಮಾಲೀಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ತಟ್ಟೆ, ಡಬ್ಬಿ, ಹಿಟ್ಟಿನ ಚೀಲಗಳನ್ನು ಹೇಗೋ ಸಾಗಿಸಬಹುದು. ಎದೆಮಟ್ಟದ ಕಬ್ಬಿಣದ ಓವನ್ನನ್ನು ಏನು ಮಾಡುವುದು? ಆ ಓಣಿಗೆ ಲಾರಿ ನುಗ್ಗುವುದಿಲ್ಲ. ಮರದ ಡಿಪೋದವರು ತಮ್ಮ ಸಣ್ಣ ಟ್ರೈಲರನ್ನು ಕೊಡಲು ಒಪ್ಪಿದರು. ಎಳೆಯಲು ಒಂದು ಕಾರು ಬೇಕಿತ್ತು.

"ನೋಡೋಣ ಅನ್ನೋದಿದ್ರೆ ಈಗಲೇ ಹೇಳಿಬಿಡು ಕಣೋ, ಬೇರೆ ಯಾರನ್ನಾದ್ರೂ ಹುಡುಕ್ಕೋತೀನಿ" ಎಂದಿದ್ದಳು ಅಕ್ಕ.

"ಇಲ್ಲಕ್ಕ. ಆಯ್ತು."

"ಇನ್ನೊಂದ್ಸಲ ಹೇಳು."

"ಆಯ್ತು ಅಂದ್ನಲ್ಲಕ್ಕ!"

ಅಮ್ಮ ಹಾಸಿಗೆ ಹಿಡಿದ ಮೇಲೆ ಇವನಿಗೆ ಉಣಿಸಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ಈ ಅಕ್ಕ. ಅವಳು ಕೇಳಿದ ಒಂದು ಕೆಲಸವನ್ನೂ ಇವನು ಇವತ್ತಿನವರೆಗೆ ನೆಟ್ಟಗೆ ಮಾಡಿಕೊಟ್ಟಿರಲಿಲ್ಲ. ಅದು ಅವನ ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಹಾಗಾಗಿ ಮಾರನೆಯ ದಿನವೇ ಹೋಗಿ ತನ್ನ ಹಳೆಯ ಕಾರಿಗೆ ಟೋ ಬಾರ್ ಹಾಕಿಸಿಕೊಂಡು ಬಂದ.

ಟೋ ಬಾರ್ ಎಂದರೆ ಏನೋ ಮಹಾ ಯಂತ್ರವಲ್ಲ. ಮೊಳದುದ್ದದ ದಪ್ಪ ಕಬ್ಬಿಣ, ಒಂದು ತುದಿಯಲ್ಲಿ ಮುಷ್ಟಿಯಷ್ಟು ದೊಡ್ಡ ಗುಂಡು. ಟ್ರೈಲರು ಆ ಗುಂಡಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಕಾರಿನ ಹಿಂಭಾಗದ ಕೆಳಗಿರುವ ಚೌಕ ಕೊಳವೆಯೊಳಗೆ ತೂರಿಸಿ, ಅಡ್ಡಲಾಗಿ ಬೆರಳು ದಪ್ಪದ ಒಂದು ಪಿನ್ನು ಹಾಕಿದರೆ ಮುಗಿಯಿತು. ನೋಡೋಣಪ್ಪ ಅದನ್ನು ಬಟ್ಟೆಯಿಂದ ಒರೆಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಮತ್ತೆ ಒರೆಸಿದ. ಬದುಕಿನಲ್ಲಿ ತಾನಾಗಿಯೇ ತೀರ್ಮಾನ ಮಾಡಿ ತಂದ ಮೊದಲ ವಸ್ತು ಅದು.

ಅಷ್ಟರಲ್ಲಿ ಕೆಳಮನೆಯ ಬ್ರೋಕರ್ ಬಂದ. ಮನೆ ಸೈಟು ಕೊಡಿಸುವ ಕೆಲಸ ಅವನದು. ತನ್ನ ವ್ಯಾನನ್ನು ಗೇಟಿಗೆ ಅಡ್ಡವಾಗಿಯೇ ನಿಲ್ಲಿಸುವುದು ಅವನ ಹುಟ್ಟುಗುಣ. ಹೆಂಡತಿಯ ಕಾಟ ತಡೆಯಲಾರದೆ ನೋಡೋಣಪ್ಪ ಒಮ್ಮೆ ಹೋಗಿ "ಸ್ವಲ್ಪ ಹಿಂದೆ ನಿಲ್ಲಿಸಿದ್ರೆ..." ಎಂದಾಗ, ಬ್ರೋಕರ್ ನಗುತ್ತ "ನೋಡೋಣ ಸಾರ್" ಎಂದು ಅವನ ಅಸ್ತ್ರವನ್ನೇ ಅವನ ಮೇಲೆ ಬಿಟ್ಟಿದ್ದ.

"ಟೋ ಬಾರ್ ಹಾಕಿಸಿದ್ರಾ ಸಾರ್? ಬೀಗ ಎಲ್ಲಿ?" ಎಂದ ಬ್ರೋಕರ್.

"ಇದಕ್ಕೂ ಬೀಗಾನಾ?"

"ಅಯ್ಯೋ ರಾಮ! ಈಗ ಕಾರು ಯಾರು ಕದೀತಾರೆ ಸಾರ್, ಕದಿಯೋದು ಇದನ್ನೇ! ನೋಡಿ" ಎಂದವನೇ ಬಗ್ಗಿ ಎರಡು ಬೆರಳಿನಲ್ಲಿ ಪಿನ್ನನ್ನು ಸರಕ್ಕೆಂದು ಎಳೆದು ಎತ್ತಿ ಹಿಡಿದ. "ಎಷ್ಟು ಹೊತ್ತಾಯ್ತು? ಸೀನೋದ್ರೊಳಗೆ ಮಾಲು ಹೋಗಿರತ್ತೆ." ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಸೈಟಿನ ಪೂರ್ವ ದಿಕ್ಕಿನ ಬಗ್ಗೆ ಕೂಗಾಡುತ್ತ, ಕೈ ಬೀಸುತ್ತ ಒಳಗೆ ಹೋದ.

ನೋಡೋಣಪ್ಪ ಅಲ್ಲೇ ನಿಂತಿದ್ದ. ಅವನ ತಲೆಯೊಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ತೆಗೆಯೋದು ಇವನಿಗೆ ಅಷ್ಟು ಸಲೀಸಾಗಿ ಗೊತ್ತಿರೋದು ಹೇಗೆ?

ಬೆಳಿಗ್ಗೆ ಎದ್ದವನೇ ಕಾರಿನ ಬಳಿಗೆ ಓಡಿದ. ಬಾರ್ ಇತ್ತು. ಗಟ್ಟಿಯಾಗಿದೆಯೋ ಎಂದು ಗುಂಡನ್ನು ಹಿಡಿದು ಸ್ವಲ್ಪ ಜಗ್ಗಿದ. ಇಡೀ ಬಾರ್ ಸಲೀಸಾಗಿ ಅವನ ಕೈಗೆ ಬಂದುಬಿಟ್ಟಿತು. ಪಿನ್ನು ಎಲ್ಲಿ ಎಂದು ಕೇಳಿಕೊಳ್ಳುವ ಬುದ್ಧಿ ಅವನಿಗೆ ಬರಲಿಲ್ಲ. ಹೆದರಿದವನಿಗೆ ಅಷ್ಟೆಲ್ಲ ಬುದ್ಧಿ ಇರುವುದೂ ಇಲ್ಲ. ಬಾರನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡು ನೇರವಾಗಿ ಬೀಗದಂಗಡಿಗೆ ಹೋದ.

ಬೀಗದಂಗಡಿಯವರು ವಯಸ್ಸಾದವರು, ಮಹಾ ಸತ್ಯವಂತರು. ಆ ಸತ್ಯದಿಂದಾಗಿಯೇ ಅವರ ಅಂಗಡಿಯಲ್ಲಿ ಬೀಗಗಳು ಇಷ್ಟೊಂದು ಉಳಿದುಕೊಂಡಿದ್ದವು.

"ಕೈಯಲ್ಲಿ ಎಳೆದ್ರೆ ಬಂದುಬಿಡತ್ತೆ ಸ್ವಾಮಿ!" ಎಂದ ನೋಡೋಣಪ್ಪ, ಅಳುವುದೊಂದು ಬಾಕಿ.

"ಗಾಬರಿ ಬೇಡ. ಇದು ನೋಡಿ, ಪಿನ್ನಿನ ಜಾಗದಲ್ಲಿ ಹಾಕೋ ಬೀಗ. ಹಿತ್ತಾಳೆ. ತುಕ್ಕು ಹಿಡಿಯಲ್ಲ."

"ಕೊಡಿ ಹಾಗಾದ್ರೆ."

"ತಾಳಿ. ನಾನು ಸುಳ್ಳು ಹೇಳಿ ಬೀಗ ಮಾರೋನಲ್ಲ." ಅವರು ಮೇಜಿನ ಮೇಲಿದ್ದ ತಂತಿಯ ಚೂರನ್ನು ಬೀಗದ ಬಾಯಿಗೆ ತುರುಕಿ ಒಂದು ಸಲ ತಿರುವಿದರು. ಬೀಗ ಟಕ್ಕೆಂದು ತೆರೆದುಕೊಂಡಿತು. "ನೋಡಿದ್ರಾ?"

"ಅಯ್ಯೋ! ಬೇರೆ ತೋರಿಸಿ."

"ಇದು ದುಂಡು ಕೀಲಿಯದು. ತಂತಿ ನಡೆಯಲ್ಲ." ಎಂದವರೇ ಪೆನ್ನಿನ ಮುಚ್ಚಳವನ್ನು ಒತ್ತಿ ಅದನ್ನೂ ತೆರೆದರು. "ಇದು ನಂಬರಿನ ಬೀಗ. ಕೀಲಿಯ ಗೊಡವೆಯೇ ಇಲ್ಲ." ಕಿವಿಗೆ ಹಿಡಿದು ಗಾಲಿ ತಿರುಗಿಸಿದರು, ಅದೂ ಬಾಯಿಬಿಟ್ಟಿತು. "ಇದಂತೂ ಉಕ್ಕು, ತುಂಬಾ ಗಟ್ಟಿ." ಸುತ್ತಿಗೆಯಿಂದ ಒಂದು ಏಟು ಹಾಕಿದರು. ಗಟ್ಟಿ ಬೀಗ ಎರಡು ತುಂಡಾಗಿ ನೆಲಕ್ಕೆ ಬಿತ್ತು.

ನೋಡೋಣಪ್ಪ ಹಣೆಯ ಬೆವರು ಒರೆಸಿಕೊಂಡ. ಗಾಜಿನ ಕಪಾಟಿನ ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದ ಕಪ್ಪು ಬೀಗವೊಂದು ಕಣ್ಣಿಗೆ ಬಿತ್ತು. "ಅದು?"

ಅಂಗಡಿಯವರ ದನಿ ಗಂಭೀರವಾಯಿತು. "ಅದನ್ನ ತೆಗೆಯೋಕೆ ನನ್ನಿಂದ್ಲೂ ಆಗ್ಲಿಲ್ಲ."

"ಅದನ್ನೇ ಕೊಡಿ! ಅದೇ ಬೇಕು!"

"ಕೊಡಬಹುದಿತ್ತು. ಅದರ ಕೀಲಿ ಕಳೆದುಹೋಗಿದೆ."

ಇಷ್ಟೆಲ್ಲ ನೋಡಿದ ಮೇಲೆ ಯಾವ ಬೀಗವನ್ನು ಆರಿಸುವುದು? ನೋಡೋಣಪ್ಪ ಬಾಯಿತಪ್ಪಿ ಹಳೆಯ ಮಾತನ್ನೇ ಆಡಿಬಿಟ್ಟ. "ನೋಡೋಣ."

"ನಿಧಾನವಾಗಿ ನೋಡಿ" ಎಂದರು ಅಂಗಡಿಯವರು. "ಬೀಗ ತಗೊಳ್ಳೋವರೆಗೂ ಇದನ್ನ ಮಾತ್ರ ಕೈಬಿಡಬೇಡಿ."

ಸತ್ಯವಂತರ ಮಾತು. ನೋಡೋಣಪ್ಪ ಅಕ್ಷರಶಃ ಪಾಲಿಸಿದ.

ಅವನ ಕೆಲಸ ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ. ಅಂದರೆ ನೀರು ಬರದವರು, ಬಂದರೂ ಬಿಲ್ಲು ಹೆಚ್ಚು ಬಂದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಯಲಿಕ್ಕೆಂದು ಸರ್ಕಾರ ಕೂರಿಸಿದ ಮನುಷ್ಯ ಅವನು. ಅವತ್ತು ಬಾರನ್ನು ಕಾಲ ಬಳಿ ಇಡಲು ಮನಸ್ಸಾಗದೆ ಮೇಜಿನ ಮೇಲೆ, ಕಿಟಕಿಗೆ ಎದುರಾಗಿ ಇಟ್ಟುಕೊಂಡು ಒಂದು ಕೈಯನ್ನು ಅದರ ಮೇಲೇ ಇರಿಸಿದ. ದಿನವೂ ಮೊದಲಿಗನಾಗಿ ಬಂದು ಕೂಗುವ ಗುತ್ತಿಗೆದಾರ ಅಂದೂ ಬಂದ.

"ಏನ್ರೀ ತಮಾಷೆ ಮಾಡ್ತಿದೀರಾ..." ಎಂದು ಶುರುಮಾಡಿದವನ ಕಣ್ಣು ಕಬ್ಬಿಣದ ಗುಂಡಿನ ಮೇಲೆ ಬಿತ್ತು. "...ಅಂತ ಸುಮ್ನೆ ಕೇಳೋಣ ಅಂತ ಬಂದೆ. ಊಟ ತಿಂಡಿ ಆಯ್ತಾ?"

"ನಿಮ್ಮ ನೀರು?"

"ಬರುತ್ತೆ ಬಿಡಿ ಸಾರ್. ಬರದೇ ಇದ್ರೂ ಏನಾಯ್ತು!"

ಅವನ ಹಿಂದಿದ್ದ ಸಾಲು ತಾನಾಗಿಯೇ ಕರಗಿತು. ಜನ ಇಷ್ಟು ಒಳ್ಳೆಯವರಾದದ್ದು ಯಾವಾಗ ಎಂದು ನೋಡೋಣಪ್ಪನಿಗೆ ಆಶ್ಚರ್ಯವಾಯಿತು. ಆದರೆ ಆಶ್ಚರ್ಯಪಡಲಿಕ್ಕೂ ಅವನಿಗೆ ಪುರಸೊತ್ತಿರಲಿಲ್ಲ. ಶನಿವಾರದ ರಜೆ ಕೇಳಿದ್ದಕ್ಕೆ ಸಾಹೇಬರು ಈಗಾಗಲೇ ಇಲ್ಲ ಎಂದು ಬೈದು ಕಳಿಸಿದ್ದರು. ಇನ್ನೊಮ್ಮೆ ಕೇಳಬೇಕಿತ್ತು. ಬಾರನ್ನು ಮೇಜಿನ ಮೇಲೆ ಬಿಟ್ಟು ಹೋಗುವುದುಂಟೇ? ಎತ್ತಿಕೊಂಡೇ ಸಾಹೇಬರ ಕೋಣೆಗೆ ಹೋದ. ಬೆವರು ಒರೆಸಿಕೊಳ್ಳಲು ಕೈ ಬೇಕಾಗಿ, ಅದನ್ನು ಸಾಹೇಬರ ಫೈಲಿನ ಮೇಲೆ ದಡ್ ಎಂದು ಇಟ್ಟ.

"ಸಾರ್, ಶನಿವಾರದ ರಜೆ..."

ಸಾಹೇಬರ ಕುರ್ಚಿ ತಾನಾಗಿಯೇ ಗೋಡೆಯ ಕಡೆ ಸರಿಯಿತು. "ಯಾವ ಶನಿವಾರ? ಎಲ್ಲಾ ಶನಿವಾರಾನೂ ತಗೊಳ್ಳಿ!"

"ಒಂದೇ ಸಾಕು ಸಾರ್. ಅರ್ಧ ದಿನದಲ್ಲಿ ಮುಗಿಸಿಬಿಡ್ತೀನಿ."

"ಯಾರನ್ನ?" ಎಂದು ಸಾಹೇಬರು ಕೇಳಿದ್ದು ಎಷ್ಟು ಮೆಲ್ಲಗೆಂದರೆ ಅದು ಅವರಿಗೇ ಕೇಳಿಸಲಿಲ್ಲ.

ಮನೆಯಲ್ಲಿ ಪಾಡು ಬೇರೆ. ಊಟಕ್ಕೆ ಕೂತರೆ ಬಾರ್ ತಟ್ಟೆಯ ಪಕ್ಕ, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ. ಹೆಂಡತಿ ಚಿತ್ರಕಲೆ ಪಾಠ ಹೇಳುವವಳು, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. "ರೀ, ಬಾಡಿಗೆಗೆ ಒಂದು ತೊಟ್ಟಿಲು ತರ್ಲಾ?" ಎಂದು ಕೇಳಿದಳು.

"ನಗು, ನಗು. ಆ ಬ್ರೋಕರ್ ಕಾರಿನ ಹತ್ರ ಸುಳಿದಾಡ್ತಿದ್ದ, ಗೊತ್ತಾ?"

ಅದು ನಿಜವೇ. ಸಂಜೆ ನೋಡೋಣಪ್ಪ ಮನೆಗೆ ಬರುವಾಗ ಬ್ರೋಕರ್ ಕಾರಿನ ಹಿಂದೆ ಬಗ್ಗಿ ನಿಂತಿದ್ದ. ನೋಡೋಣಪ್ಪನನ್ನೂ ಅವನ ಕೈಯಲ್ಲಿದ್ದ ಕಬ್ಬಿಣವನ್ನೂ ಕಂಡು ನೆಟ್ಟಗಾಗಿ, "ಏನಿಲ್ಲ ಸಾರ್, ಚಿಲ್ಲರೆ ಬಿತ್ತು" ಎಂದು ಒಳಗೆ ಓಡಿದ. ಮಾರನೆಯ ದಿನವೂ ಅದೇ ಕಥೆ, ಈ ಸಲ ಬಿದ್ದದ್ದು ಪೆನ್ನು. ನೋಡೋಣಪ್ಪ ಕುರ್ಚಿ ಎಳೆದುಕೊಂಡು ಮೇಲಿನ ಮೊಗಸಾಲೆಯಲ್ಲಿ ಕೂತು, ಬಾರನ್ನು ತೊಡೆಯ ಮೇಲಿಟ್ಟುಕೊಂಡು ಕಾರನ್ನೂ ಬ್ರೋಕರನ ಬಾಗಿಲನ್ನೂ ಎವೆಯಿಕ್ಕದೆ ನೋಡತೊಡಗಿದ. ಕೆಳಗಿನಿಂದ ಪರದೆ ಸರಿಸಿ ಬ್ರೋಕರನೂ ನೋಡಿದ. ಸ್ವಲ್ಪ ಹೊತ್ತಿಗೆ ಗೇಟಿನ ಅಡ್ಡ ಇದ್ದ ವ್ಯಾನು ಹೋಗಿ ರಸ್ತೆಯ ಆ ಕೊನೆಯಲ್ಲಿ ನಿಂತಿತು.

"ಅಂತೂ ಬುದ್ಧಿ ಬಂತಲ್ಲ ಅವನಿಗೆ!" ಎಂದು ಹೆಂಡತಿ ಹಿಗ್ಗಿದಳು.

"ಬುದ್ಧಿಯಲ್ಲ ಕಣೇ. ಕದ್ದ ಮಾಲು ತುಂಬ್ಕೊಂಡು ಓಡೋಕೆ ದಾರಿ ಮಾಡ್ಕೊಂಡಿದ್ದಾನೆ" ಎಂದ ನೋಡೋಣಪ್ಪ.

ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಪಾಠಕ್ಕೆ ಹೋಗಿದ್ದಳು. ಬಂದವರು ಠಾಣೆಯ ಹಿರಿಯ ಪೇದೆ. ಅವರ ಹಿಂದೆ ಮೆಟ್ಟಿಲ ತಿರುವಿನಲ್ಲಿ ಬ್ರೋಕರನ ಬೋಳುತಲೆ ಒಂದು ಕ್ಷಣ ಮಿಂಚಿ ಮಾಯವಾಯಿತು.

"ಇದರ ವಿಷಯಕ್ಕೇ ಬಂದ್ರಾ ಸಾರ್?" ಎಂದು ನೋಡೋಣಪ್ಪ ಬಾರನ್ನು ಎತ್ತಿ ತೋರಿಸಿದ.

ಪೇದೆ ಒಂದು ಹೆಜ್ಜೆ ಹಿಂದೆ ಸರಿದರು. "ಇದರ ವಿಷಯಕ್ಕೇ. ಮೊದಲು ಕೆಳಗಿಡಿ. ಯಾಕೆ ಸದಾ ಜೊತೆಗಿಟ್ಕೊಂಡು ಓಡಾಡ್ತಿದೀರಿ?"

"ಮನಸ್ಸಿಗೆ ನೆಮ್ಮದಿ ಇಲ್ಲ ಸಾರ್. ನಿದ್ದೆಯಿಲ್ಲ."

"ಯಾರ ಮೇಲಾದ್ರೂ..."

"ಇದೆ ಸಾರ್. ಹೆಸರು ಹೇಳೋದು ಚೆನ್ನಾಗಿರಲ್ಲ." ನೋಡೋಣಪ್ಪ ಕಣ್ಣಿನಲ್ಲೇ ಕೆಳಮನೆಯ ದಿಕ್ಕನ್ನು ತೋರಿಸಿದ.

"ಶನಿವಾರ ಏನಿದೆ? ಕಚೇರಿಗೂ ರಜೆಯಂತೆ?"

"ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದೀನಿ ಸಾರ್. ಮಧ್ಯಾಹ್ನದೊಳಗೆ ಮುಗಿಸ್ಲೇಬೇಕು. ಭಾರ ಜಾಸ್ತಿ. ಹಗ್ಗ ಬಿಗಿದು ಎಳ್ಕೊಂಡು ಹೋಗೋದು."

"ಎಲ್ಲಿಗೆ?"

"ಬಸ್ ನಿಲ್ದಾಣದ ಎದುರಿಗೆ. ಬೆಂಕಿ ಹಚ್ಚೋದು ಅಲ್ಲೇ."

ಪೇದೆ ತಮ್ಮ ಸರ್ವೀಸಿನಲ್ಲಿ ಎಷ್ಟೋ ಬಗೆಯ ಜನರನ್ನು ನೋಡಿದ್ದರು. ಇಷ್ಟು ವಿನಯವಾಗಿ ಎಲ್ಲವನ್ನೂ ಮುಂಚಿತವಾಗಿ ಒಪ್ಪಿಕೊಂಡವನು ಇವನೇ ಮೊದಲು. ಅವರು "ನೋಡಿ, ಆತುರ ಬೇಡ. ಇದು ಸೋಮವಾರದವರೆಗೆ ಠಾಣೆಯಲ್ಲಿರಲಿ. ನಾನೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತೀನಿ" ಎಂದರು.

ನೋಡೋಣಪ್ಪನ ಕಣ್ಣು ತುಂಬಿ ಬಂತು. "ಅಷ್ಟು ತೊಂದರೆ ತಗೋತೀರಾ ಸಾರ್? ಊರಿನ ಯಾವ ಬೀಗಾನೂ ನಂಬೋ ಹಾಗಿಲ್ಲ. ಠಾಣೆಗಿಂತ ಭದ್ರವಾದ ಜಾಗ ಬೇಕಾ!" ಎಂದು ಬಾರನ್ನು ಎರಡೂ ಕೈಯಲ್ಲಿ ಒಪ್ಪಿಸಿದ. ಆ ವಾರದಲ್ಲಿ ಮೊದಲ ಸಲ ಕಾಲು ಚಾಚಿ ಕೂತು ಕಾಫಿ ಕುಡಿದ.

ಹೆಂಡತಿ ಬಂದಳು. ವಿಷಯ ಕೇಳಿದಳು. ಕೈಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಸೋಮವಾರದವರೆಗಾ?"

"ಹೂಂ, ಪುಣ್ಯಾತ್ಮರು."

"ರೀ, ಶನಿವಾರ ಬರೋದು ಸೋಮವಾರಕ್ಕಿಂತ ಮುಂಚೆನೋ, ಆಮೇಲೋ?"

ಕಾಫಿ ಲೋಟ ನೋಡೋಣಪ್ಪನ ಕೈಯಲ್ಲೇ ನಿಂತುಹೋಯಿತು.

ಶುಕ್ರವಾರ ಠಾಣೆಗೆ ಓಡಿದ. ಹಿರಿಯ ಪೇದೆ ಯಾವುದೋ ಕೆಲಸದ ಮೇಲೆ ಹೊರಗೆ ಹೋಗಿದ್ದರು, ಪೆಟ್ಟಿಗೆಯ ಕೀಲಿ ಅವರ ಜೇಬಿನಲ್ಲಿತ್ತು. "ಅದಿಲ್ಲದೆ ನಾಳೆ ಕೆಲಸ ಆಗಲ್ಲ ಸಾರ್" ಎಂದು ಅಲ್ಲಿದ್ದವನನ್ನು ಅಂಗಲಾಚಿದ. "ಅದಕ್ಕೇ ಕೊಡಲ್ಲ" ಎಂದ ಆತ. ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದ.

"ಟ್ರೈಲರ್ ಬಂದು ನಿಂತಿದೆ ಕಣೋ" ಎಂದಳು ಅಕ್ಕ, ಇವನ ಬಾಯಿಂದ ಮಾತು ಹೊರಡುವ ಮೊದಲೇ. "ಇಲ್ಲಿ ಎಲ್ರೂ ನಗ್ತಿದ್ರು, ನೋಡೋಣಪ್ಪನ್ನ ನಂಬ್ಕೊಂಡಿದೀಯಾ ಅಂತ. ನಾನು ಹೇಳಿದೆ, ಈ ಸಲ ಅವನು ಆಯ್ತು ಅಂದಿದ್ದಾನೆ. ಬರ್ತಾನೆ."

ನೋಡೋಣಪ್ಪ ಗೋಡೆಗೆ ಒರಗಿಕೊಂಡ. "ಆಯ್ತಕ್ಕ" ಎಂದ.

ಶನಿವಾರ ಬೆಳಿಗ್ಗೆ ಓಣಿಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಡಿಪೋದವರು ಓವನ್ನನ್ನು ಟ್ರೈಲರಿಗೆ ಏರಿಸಿ, ಹಗ್ಗ ಬಿಗಿದು ಹೋಗಿದ್ದರು. ಶೆಡ್ಡಿನ ಮಾಲೀಕ ಹೊಸ ಬೀಗವೊಂದನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಿದ್ದ. ಆ ಸ್ಥಿತಿಯಲ್ಲೂ ನೋಡೋಣಪ್ಪ ಅದು ಯಾವ ಬಗೆಯ ಬೀಗ ಎಂದು ಗಮನಿಸಿದ. ಕಾರಿನಿಂದಿಳಿದು ಅಕ್ಕನ ಮುಂದೆ ನಿಂತ.

"ಅಕ್ಕ, ಟೋ ಬಾರ್ ಪೊಲೀಸರ ಹತ್ರ ಇದೆ. ಸೋಮವಾರ ಕೊಡ್ತಾರಂತೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಹಿಟ್ಟಿನ ಡಬ್ಬಿಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡೋ. ನೀನಾದ್ರೂ ಏನು ಮಾಡ್ತೀಯ" ಎಂದಳು. ನೋಡೋಣಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಯಾರೂ ಅಲ್ಲಾಡಬೇಡಿ!"

ಹಿರಿಯ ಪೇದೆಯ ಮೋಟರ್ ಸೈಕಲ್ಲು ಓಣಿಯೊಳಗೆ ನುಗ್ಗಿತು. ಬೆಳಗಿನಿಂದ ಅವರು ನೋಡೋಣಪ್ಪನ ಬೆನ್ನು ಬಿಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಬ್ರೋಕರ್ ಕಣ್ಣು ಮುಚ್ಚಿ ಕೂತಿದ್ದ. ತಮ್ಮ ಕಣ್ಣ ಮುಂದಿದ್ದರೆ ಅವನ ಜೀವ ಕ್ಷೇಮ ಎಂದು ಪೇದೆಯೇ ಕೂರಿಸಿಕೊಂಡು ಬಂದಿದ್ದರು.

"ಎಲ್ರೀ ಹಗ್ಗ?" ಎಂದು ಗುಡುಗಿದರು ಪೇದೆ.

ನೋಡೋಣಪ್ಪ ಓವನ್ನಿನ ಹಗ್ಗ ತೋರಿಸಿದ.

"ಎಳ್ಕೊಂಡು ಹೋಗೋದು ಯಾರನ್ನ?"

"ಇದನ್ನೇ ಸಾರ್."

"ಬೆಂಕಿ?"

"ಇದಕ್ಕೇ. ಬ್ರೆಡ್ಡು ಬೇಯಬೇಕಲ್ಲ."

ಪೇದೆ ಓವನ್ನನ್ನು ನೋಡಿದರು, ಟ್ರೈಲರಿನ ಮೂತಿ ನೋಡಿದರು, ಕಾರಿನ ಹಿಂದಿನ ಖಾಲಿ ಕೊಳವೆ ನೋಡಿದರು. ಕಡೆಗೆ ನಿಧಾನವಾಗಿ ತಿರುಗಿ ಬ್ರೋಕರನನ್ನು ನೋಡಿದರು. ಆ ನೋಟ ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಬ್ರೋಕರ್ ಅಲ್ಲೇ ಬೆಂದುಹೋಗುತ್ತಿದ್ದ. ಅವನನ್ನು ಅಲ್ಲೇ ಇಳಿಸಿ, ಮೋಟರ್ ಸೈಕಲ್ಲನ್ನು ತಿರುಗಿಸಿ ಹೋದರು. ಶೆಡ್ಡಿನ ಮಾಲೀಕ ಎರಡು ಸಲ ಗಡಿಯಾರ ನೋಡುವಷ್ಟರಲ್ಲಿ ಬಾರನ್ನು ಹಿಡಿದುಕೊಂಡು ವಾಪಸು ಬಂದರು.

ನೋಡೋಣಪ್ಪ ಅದನ್ನು ಕೊಳವೆಗೆ ತೂರಿಸಿದ. ಸರಿಯಾಗಿ ಕೂತಿತು. ಟ್ರೈಲರಿನ ಮೂತಿಯನ್ನು ಗುಂಡಿನ ಮೇಲೆ ಇಳಿಸಲು ಹೋದಾಗ ಪೇದೆ ಕೇಳಿದರು, "ಪಿನ್ನೆಲ್ಲಿ?"

ನೋಡೋಣಪ್ಪ ಪಿಳಿಪಿಳಿ ಕಣ್ಣು ಬಿಟ್ಟ. ಇಡೀ ವಾರ ಬೀಗದ ಬಗ್ಗೆ ತಲೆ ಕೆಡಿಸಿಕೊಂಡವನಿಗೆ, ಅದಕ್ಕೆ ಮೊದಲು ಅಲ್ಲೊಂದು ಪಿನ್ನು ಇತ್ತೆನ್ನುವುದೇ ಮರೆತುಹೋಗಿತ್ತು. ಅಕ್ಕ ಅರ್ಧ ಎದ್ದವಳು ಮತ್ತೆ ಕೂತಳು.

ಆಗ ಬ್ರೋಕರ್ ಹೆದರುತ್ತ ಹೆದರುತ್ತ ಮುಂದೆ ಬಂದು ಜೇಬಿನಿಂದ ಪಿನ್ನು ತೆಗೆದ.

"ಅವತ್ತು ತೋರಿಸೋಕೆ ಎಳೆದೆನಲ್ಲ ಸಾರ್, ಫೋನು ಬಂತು, ಜೇಬಿಗೆ ಹಾಕ್ಕೊಂಡುಬಿಟ್ಟೆ. ವಾಪಸ್ ಹಾಕೋಣ ಅಂತ ದಿನಾ ಕಾರಿನ ಹತ್ರ ಬರ್ತಿದ್ದೆ. ಬಂದಾಗಲೆಲ್ಲ ನೀವು ಅದನ್ನ ಹಿಡ್ಕೊಂಡು ಬರ್ತಿದ್ರಿ. ವ್ಯಾನಿನ ಸಿಟ್ಟು ಅಂದ್ಕೊಂಡೆ."

"ಅಂದ್ರೆ ಕದ್ದಿದ್ದು ನೀವೇ!" ಎಂದ ನೋಡೋಣಪ್ಪ.

"ಹೊಡೀಬೇಡಿ ಸಾರ್!" ಎಂದು ಬ್ರೋಕರ್ ಪೇದೆಯ ಹಿಂದೆ ಅವಿತುಕೊಂಡ.

"ಮೊದಲು ಪಿನ್ನು ಹಾಕ್ರೋ!" ಎಂದು ಅಕ್ಕ ಕಿರುಚಿದಳು.

ಪಿನ್ನು ಕೂತಿತು. ಪೇದೆ ಮುಂದೆ ದಾರಿ ಬಿಡಿಸುತ್ತ, ಬ್ರೋಕರ್ ಹಿಂದಿನಿಂದ ಓವನ್ನಿಗೆ ಕೈ ಆನಿಸಿ ಓಡುತ್ತ, ನಡುವೆ ನೋಡೋಣಪ್ಪ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಓವನ್ನಿನ ಸವಾರಿ ಬಸ್ ನಿಲ್ದಾಣದ ಎದುರಿಗೆ ಹೋಗಿ ಮುಟ್ಟಿತು. ಅಂಗಡಿಯೊಳಗೆ ಇಳಿಸಿದ್ದೂ ಆಯಿತು, ಬೆಂಕಿ ಹೊತ್ತಿದ್ದೂ ಆಯಿತು. ಮೊದಲ ಬನ್ನುಗಳು ಹೊರಗೆ ಬಂದಾಗ ಅಕ್ಕ ಒಂದನ್ನು ತಮ್ಮನ ಕೈಗಿಟ್ಟು, ಸೇರಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದಳು: "ಹೇಳಿದ್ನಲ್ಲ, ನನ್ನ ತಮ್ಮ ಬರ್ತಾನೆ ಅಂತ." ನೋಡೋಣಪ್ಪ ಬನ್ನು ಬಿಸಿಯಾಗಿದೆ ಎಂಬ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಬ್ರೋಕರನಿಗೂ ಒಂದು ಬನ್ನು ಕೊಡೋಣ ಎಂದು ಹೊರಗೆ ಬಂದು ನೋಡಿದ. ಬ್ರೋಕರ್ ಕಾರಿನಿಂದ ಬಾರನ್ನು ಕಳಚಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಹೋಗಿಬರುವವರನ್ನು ಒಬ್ಬೊಬ್ಬರನ್ನಾಗಿ ದುರುಗುಟ್ಟಿಕೊಂಡು ನೋಡುತ್ತಿದ್ದ.

"ಯಾಕ್ರೀ ತೆಗೆದ್ರಿ?"

"ಬಸ್ ನಿಲ್ದಾಣ ಸಾರ್, ಎಂಥೆಂಥ ಜನ ಇರ್ತಾರೋ! ಎಳೆದ್ರೆ ಬಂದುಬಿಡತ್ತೆ. ನೀವು ಬೀಗ ತರೋವರೆಗೆ ನಾನೇ ಹಿಡ್ಕೊಂಡಿರ್ತೀನಿ."

ನೋಡೋಣಪ್ಪ ರಸ್ತೆಯ ಕಡೆ ನೋಡಿದ. ಎದುರಿಗೆ ಬರುತ್ತಿದ್ದ ದಂಪತಿ ಬ್ರೋಕರನನ್ನು ಕಂಡು ರಸ್ತೆ ದಾಟಿ ಆಚೆ ಬದಿಗೆ ಹೋದರು. ಕೂಗುತ್ತ ಬರುತ್ತಿದ್ದ ಬಸ್ ಕಂಡಕ್ಟರ್ ದನಿ ತಗ್ಗಿಸಿ ಪಕ್ಕಕ್ಕೆ ಸರಿದ. ಬಾಯಲ್ಲಿದ್ದ ಬನ್ನು ಅಗಿಯುವುದನ್ನು ನೋಡೋಣಪ್ಪ ನಿಲ್ಲಿಸಿದ. ಗುತ್ತಿಗೆದಾರನ ಮಾತು, ಕರಗಿದ ಸಾಲು, ಗೋಡೆಗೆ ಸರಿದ ಸಾಹೇಬರ ಕುರ್ಚಿ, ಎಲ್ಲವೂ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದು ನಿಂತವು.

"ಸಾರ್, ಸೋಮವಾರ ಬೆಳಿಗ್ಗೆನೇ ಹೋಗಿ ಬೀಗ ತಂದುಬಿಡ್ತೀರಾ?" ಎಂದು ಬ್ರೋಕರ್ ಕೇಳಿದ.

ಸೋಮವಾರ ದೂರಿನ ಕಿಟಕಿ ತೆರೆಯುತ್ತದೆ. ನೋಡೋಣಪ್ಪ ಬಾರನ್ನು ಬ್ರೋಕರನ ತೊಡೆಯಿಂದ ಮೆಲ್ಲಗೆ ಎತ್ತಿಕೊಂಡು, ತನ್ನ ಅಂಗಿಯ ತುದಿಯಿಂದ ಅದರ ಗುಂಡನ್ನು ಒರೆಸಿದ.

"ನೋಡೋಣ" ಎಂದ.